ಹಾಲಿನ ಚೀಟೀಲಿ ಡಬ್ಬಿ ಡಬ್ಬಿ: ಚಿಕ್ಕ ಕಂಟೇನರ್ ಇಮೇಜಿಗೆ ಏನೇನು ಸೇರಿಸ್ಬೇಕಾಯ್ತು

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಫೋನ್ ಬಂತು. ತುಮಕೂರು ಜಿಲ್ಲೆಯ ಒಂದು ಹಳ್ಳಿ ಡೇರಿಯ ಕಾರ್ಯದರ್ಶಿಯವರು. "ಸಾರ್, ಚೀಟೀಲಿ ಬರೀ ಡಬ್ಬಿ ಡಬ್ಬಿ ಬರ್ತಾ ಐತೆ. ಹೆಸ್ರಿಲ್ಲ ಏನಿಲ್ಲ, ನಂಬರ್ ಮಾತ್ರ ಕಾಣ್ತಾವೆ. ಜನ ಕ್ಯಾನ್ ಹಿಡ್ಕಂಡು ನಿಂತವ್ರೆ, ಏನ್ ಮಾಡನ?" ಅಂದ್ರು. ವಾಟ್ಸಾಪ್‌ನಲ್ಲಿ ಒಂದು ಫೋಟೋನೂ ಕಳ್ಸಿದ್ರು. ಎರಡಿಂಚು ಅಗಲದ ಥರ್ಮಲ್ ಪೇಪರ್, ಅದರ ಮೇಲೆ ಸದಸ್ಯರ ಹೆಸರು ಇರ್ಬೇಕಾದ ಜಾಗದಲ್ಲಿ ಏಳೆಂಟು ಖಾಲಿ ಚೌಕ, ಅದರ ಕೆಳಗೆ ಇನ್ನೊಂದಷ್ಟು ಚೌಕ, ಅದರ ಪಕ್ಕ 4.1, ಇನ್ನೊಂದರ ಪಕ್ಕ 8.5. ಯಾವ್ದು ಫ್ಯಾಟು ಯಾವ್ದು ಎಸ್ಎನ್ಎಫ್ಫು (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಂತ ನನಗೆ ಗೊತ್ತು, ಹಾಲು ಹಾಕಿ ಚೀಟಿ ತಗೊಂಡು ಹೋಗೋ ಅಜ್ಜಿಗೆ ಹೇಗೆ ಗೊತ್ತಾಗ್ಬೇಕು.

ಹಿಂದಿನ ರಾತ್ರಿ ನಾನೇ ಆ ಮೆಷಿನ್‌ಗೆ ಹೊಸ ಕಂಟೇನರ್ ಇಮೇಜ್ (ಪ್ರೋಗ್ರಾಮೂ ಅದು ಓಡೋಕೆ ಬೇಕಾದ್ದೆಲ್ಲಾನೂ ಸೇರಿಸಿ ಕಟ್ಟಿದ ಒಂದು ಗಂಟು, ಅದು ಓಡ್ತಿರೋವಾಗ ಕಂಟೇನರ್ ಅಂತಾರೆ) ಹಾಕಿದ್ದೆ. ಅದಕ್ಕೇ ಇದನ್ನೆಲ್ಲ ಬರೀತಾ ಇದೀನಿ, ಯಾಕಂದ್ರೆ ಚಿಕ್ಕ ಇಮೇಜ್ ಮಾಡೋದು ಹೇಗೆ ಅಂತ ಇಂಟರ್ನೆಟ್ ತುಂಬಾ ಇದೆ, ಆದ್ರೆ ಹಾಗೆ ಚಿಕ್ಕದು ಮಾಡಿದ್ಮೇಲೆ ಕನ್ನಡದಲ್ಲಿ ಕೆಲಸ ಮಾಡೋ ಒಂದು ಪ್ರೋಗ್ರಾಮ್‌ಗೆ ಏನೇನು ವಾಪಸ್ ಸೇರಿಸ್ಬೇಕು ಅಂತ ನನಗೆ ಎಲ್ಲೂ ಒಂದೇ ಕಡೆ ಸಿಗ್ಲಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಇದು ನನ್ನ ಆಫೀಸಿನ ಕೆಲಸ ಅಲ್ಲ, ನಾನೂ ಇಬ್ಬರು ಸ್ನೇಹಿತರೂ ಸೇರಿ ಮಾಡ್ಕೊಟ್ಟಿರೋದು. ಹಾಲಿನ ಅನಲೈಸರ್ ಮತ್ತು ತೂಕದ ಮೆಷಿನ್ನಿಂದ ಲೆಕ್ಕ ತಗೊಂಡು ಸದಸ್ಯರಿಗೆ ಕನ್ನಡದಲ್ಲಿ ಚೀಟಿ ಕೊಡೋ ಪ್ರೋಗ್ರಾಮ್, ಪೈಥಾನ್‌ನಲ್ಲಿ ಬರೆದಿದ್ದು. ಚಿಕ್ಕ ಥರ್ಮಲ್ ಪ್ರಿಂಟರ್‌ಗಳ ಒಳಗೆ ಕನ್ನಡ ಅಕ್ಷರ ಇರಲ್ಲ, ಅದಕ್ಕೆ ಪಿಲ್ಲೋ ಲೈಬ್ರರಿಯಲ್ಲಿ ಚೀಟೀನ ಒಂದು ಚಿತ್ರದ ತರ ಬರೆದು ಆ ಚಿತ್ರಾನೇ ಪ್ರಿಂಟರ್‌ಗೆ ಕಳಿಸ್ತೀವಿ. ಎರಡು ವರ್ಷ ಇದು ಡೇರಿಯ ಉಬುಂಟು ಡೆಸ್ಕ್‌ಟಾಪ್ ಮೇಲೆ ನೇರವಾಗಿ ಓಡ್ತಾ ಇತ್ತು, ತೊಂದರೆ ಏನಿರ್ಲಿಲ್ಲ. ಆಮೇಲೆ ಇನ್ನೂ ನಾಲ್ಕು ಡೇರಿಯವರು ಕೇಳಿದ್ರು, ಪ್ರತಿ ಕಡೆ ಹೋಗಿ ಕೈಯಲ್ಲಿ ಇನ್‌ಸ್ಟಾಲ್ ಮಾಡೋಕಾಗಲ್ಲ ಅಂತ ಡಾಕರ್‌ಗೆ, ಅಂದ್ರೆ ಇಂಥ ಇಮೇಜ್ ಕಟ್ಟಿ ಓಡಿಸೋ ಟೂಲ್‌ಗೆ, ಹೋದ್ವಿ. ಪೈಥಾನ್‌ನ ಮಾಮೂಲಿ ದೊಡ್ಡ ಇಮೇಜು ಬಿಚ್ಚಿದ್ರೆ ಒಂದು ಜಿಬಿ ಹತ್ತಿರ ಇರತ್ತೆ. ಹಳ್ಳೀಲಿ ಮೊಬೈಲ್ ಡಾಂಗಲ್‌ನಲ್ಲಿ ಅದನ್ನ ಇಳಿಸೋಕೆ ಒಂದು ರಾತ್ರಿ ಬೇಕು, ಮಧ್ಯದಲ್ಲಿ ಕರೆಂಟ್ ಹೋದ್ರೆ ಅರ್ಧ ಬಂದಿದ್ದ ಲೇಯರ್ (ಇಮೇಜ್‌ನ ಒಂದು ಪದರ) ಮತ್ತೆ ಮೊದಲಿಂದ. ಹಾಗಾಗಿ ಸಣ್ಣದು ಬೇಕು ಅನ್ನೋದು ನಮಗೆ ಫ್ಯಾಷನ್ ಆಗಿರ್ಲಿಲ್ಲ, ನಿಜವಾಗ್ಲೂ ಬೇಕಿತ್ತು.

ಸಣ್ಣದು ಅಂದ್ರೆ ಎಲ್ರೂ ಹೇಳೋದು ಅಲ್ಪೈನ್ ಅನ್ನೋ ಪುಟ್ಟ ಲಿನಕ್ಸ್. ಅದರ ಬೇಸ್ ಇಮೇಜ್, ಅಂದ್ರೆ ನಮ್ಮದನ್ನ ಕಟ್ಟೋಕೆ ತಳಪಾಯ, ಹತ್ತು ಎಂಬಿಗಿಂತ ಕಮ್ಮಿ. ಅಷ್ಟು ಕಮ್ಮಿ ಹೇಗೆ ಅಂದ್ರೆ ಎರಡು ಕಾರಣ. ಒಂದು, ಅದರಲ್ಲಿ ಎಲ್ಎಸ್, ಕ್ಯಾಟ್, ಗ್ರೆಪ್ ಅನ್ನೋ ಕಮಾಂಡ್‌ಗಳೆಲ್ಲ ಬೇರೆ ಬೇರೆ ಪ್ರೋಗ್ರಾಮ್ ಅಲ್ಲ, ಬಿಜಿಬಾಕ್ಸ್ ಅಂತ ಒಂದೇ ಒಂದು ಬೈನರಿ (ಓಡಿಸೋಕೆ ಸಿದ್ಧವಾಗಿರೋ ಫೈಲ್), ಮಿಕ್ಕಿದ್ದೆಲ್ಲ ಅದಕ್ಕೆ ಕಟ್ಟಿರೋ ಲಿಂಕು. ಯಾವ ಹೆಸರಲ್ಲಿ ಕರೀತೀವೋ ಆ ವೇಷ ಹಾಕ್ಕೊಂಡು ಬರತ್ತೆ, ಒಬ್ಬನೇ ಕಲಾವಿದ ಒಂದೇ ರಾತ್ರಿ ಮೂರು ಪಾತ್ರ ಮಾಡೋ ತರ. ಇನ್ನೊಂದು, ಸಿ ಲೈಬ್ರರಿ, ಬಹುತೇಕ ಪ್ರೋಗ್ರಾಮ್‌ಗಳು ನೆಚ್ಚಿಕೊಳ್ಳೋ ತಳದ ಕೋಡು. ಡೆಬಿಯನ್, ಉಬುಂಟು ಎಲ್ಲ ಜಿಲಿಬ್‌ಸಿ ಮೇಲೆ ನಿಂತಿವೆ, ಅಲ್ಪೈನ್ ನಿಂತಿರೋದು ಮಸಲ್ ಅನ್ನೋ ಚಿಕ್ಕ ಲೈಬ್ರರಿ ಮೇಲೆ. ಈ ಎರಡನೇದು ಆಮೇಲೆ ನಮಗೆ ಹೇಗೆ ಅಡ್ಡ ಬಂತು ಅಂತ ಹೇಳ್ತೀನಿ.

ಸರಿ, ಆವತ್ತಿನ ಬೆಳಿಗ್ಗೆಗೆ ವಾಪಸ್ ಬರ್ತೀನಿ. ರಿಮೋಟ್‌ನಲ್ಲಿ ಮೆಷಿನ್‌ಗೆ ಹೋಗಿ, ಓಡ್ತಿರೋ ಕಂಟೇನರ್ ಒಳಗೆ ಹೋಗೋಕೆ ಡಾಕರ್ ಎಕ್ಸೆಕ್ ಹೊಡೆದೆ, ಬ್ಯಾಶ್ ಅನ್ನೋ ಶೆಲ್ (ಕಮಾಂಡ್ ತಗೊಳ್ಳೋ ಪ್ರೋಗ್ರಾಮ್) ಇಲ್ಲ ಅಂತು. ಸರಿ ಬರೀ ಎಸ್‌ಹೆಚ್ ಕೊಟ್ಟು ಒಳಗೆ ಹೋದೆ. ಯಾವ ಫಾಂಟ್ ಇದೆ ನೋಡೋಣ ಅಂತ ಎಫ್‌ಸಿ ಲಿಸ್ಟ್ ಕೊಟ್ಟೆ, ಆ ಕಮಾಂಡೇ ಇಲ್ಲ, ಅದು ಫಾಂಟ್‌ಕಾನ್ಫಿಗ್ ಪ್ಯಾಕೇಜ್ ಜೊತೆ ಬರೋದು. ಯುಎಸ್ಆರ್ ಶೇರ್ ಒಳಗೆ ಫಾಂಟ್ಸ್ ಅನ್ನೋ ಫೋಲ್ಡರೇ ಇಲ್ಲ. ಒಂದು ಫಾಂಟೂ ಇಲ್ಲ, ಕನ್ನಡದ್ದಿರ್ಲಿ ಇಂಗ್ಲಿಷಿಂದೂ ಇಲ್ಲ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಭಾರತೀಯ ಭಾಷೆಗಳ ಫಾಂಟುಗಳು ಮೊದಲೇ ಕೂತಿರ್ತವೆ, ನಾವು ಎರಡು ವರ್ಷ ಅದರ ಮೇಲೇ ನಡೆದಿದ್ವಿ, ಅದು ಅಲ್ಲಿದೆ ಅನ್ನೋ ಅರಿವೇ ಇರ್ಲಿಲ್ಲ. ಇನ್ನೊಂದು ತಪ್ಪು ನಮ್ಮ ಕೋಡ್‌ನಲ್ಲೇ ಇತ್ತು. ಕೊಟ್ಟ ಪಾತ್‌ನಲ್ಲಿ ಫಾಂಟ್ ಸಿಗದಿದ್ರೆ ಪಿಲ್ಲೋ ಜೊತೆ ಬರೋ ಡೀಫಾಲ್ಟ್ ಫಾಂಟ್ ತಗೋ ಅಂತ ಬರೆದಿದ್ದೆ, ಅದರಲ್ಲಿ ಕನ್ನಡ ಇಲ್ಲ. ಹಾಗಾಗಿ ಪ್ರೋಗ್ರಾಮ್ ಬೀಳ್ಲಿಲ್ಲ, ಲಾಗ್‌ನಲ್ಲಿ ಪ್ರಿಂಟ್ ಆಯ್ತು ಅಂತಾನೇ ಇತ್ತು, ನಾನು ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಮಾಡಿದಾಗ್ಲೂ ಆ ಲಾಗ್ ನೋಡಿ ಸಮಾಧಾನ ಪಟ್ಕೊಂಡು ಮಲಗಿದ್ದೆ. ಚಿತ್ರ ತೆಗೆದು ನೋಡಿದ್ರೆ ಒಂದು ಸೆಕೆಂಡಲ್ಲಿ ಗೊತ್ತಾಗೋದು.

ಆ ಖಾಲಿ ಚೌಕಕ್ಕೆ ಫಾಂಟ್ ಮಾಡೋರು ಟೋಫು ಅಂತಾರೆ. ಗೂಗಲ್‌ನ ನೋಟೋ ಫಾಂಟುಗಳಿಗೆ ಆ ಹೆಸರು ಬಂದಿದ್ದೇ ನೋ ಟೋಫು ಅನ್ನೋದ್ರಿಂದ, ಎಲ್ಲಾ ಲಿಪಿಗೂ ಅಕ್ಷರ ಇರ್ಬೇಕು, ಎಲ್ಲೂ ಚೌಕ ಕಾಣ್ಬಾರ್ದು ಅಂತ. ಅಲ್ಪೈನ್‌ನಲ್ಲಿ ನೋಟೋನ ಲಿಪಿ ಲಿಪಿಗೂ ಬೇರೆ ಪ್ಯಾಕೇಜ್ ಮಾಡಿಟ್ಟಿದಾರೆ, ನಮಗೆ ಕನ್ನಡದ್ದು ಮಾತ್ರ ಸಾಕು. ಪ್ಯಾಕೇಜ್ ಹಾಕೋ ಎಪಿಕೆ ಆಡ್ ಕಮಾಂಡ್ ಕೊಟ್ಟೆ, ಪರ್ಮಿಷನ್ ಇಲ್ಲ ಅಂತು. ಕಂಟೇನರ್ ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಅಲ್ಲದ ಯೂಸರ್ ಹೆಸರಲ್ಲಿ ಓಡ್ತಾ ಇತ್ತು, ಅದು ಒಳ್ಳೇದೇ, ಹಾಗೇ ಇರ್ಬೇಕು. ಎಕ್ಸೆಕ್‌ಗೆ ರೂಟ್ ಯೂಸರ್ ಅಂತ ಕೊಟ್ಟು ಮತ್ತೆ ಒಳಗೆ ಹೋಗಿ ಫಾಂಟ್ ಹಾಕ್ದೆ, ಕಾನ್ಫಿಗ್ ಫೈಲ್‌ನಲ್ಲಿ ಪಾತ್ ಬದಲಾಯಿಸ್ದೆ, ಕಂಟೇನರ್ ರೀಸ್ಟಾರ್ಟ್ ಮಾಡ್ದೆ. ಆರೂ ಮುಕ್ಕಾಲಿಗೆ ಚೀಟೀಲಿ ಕನ್ನಡ ಬಂತು.

ಬಂತು ಅಂದೆ, ಆದ್ರೆ ಪೂರ್ತಿ ಬರ್ಲಿಲ್ಲ. ಲಕ್ಷ್ಮಮ್ಮ ಅಂತ ಇರ್ಬೇಕಾದ್ದು ಲಕ್‌ಷ್‌ಮಮ್‌ಮ ಅಂತ ಬಿತ್ತು. ಒತ್ತಕ್ಷರ ಒಂದೂ ಕೆಳಗೆ ಇಳಿದಿಲ್ಲ, ಎಲ್ಲಾ ಸಾಲಾಗಿ ನಿಂತ್ಕೊಂಡು ತಲೆ ಮೇಲೆ ಅರ್ಧಾಕ್ಷರದ ಗುರುತು. ಕಾರ್ಯದರ್ಶಿಯವರು ಪಾಪ "ಓದ್ಬೋದು ಬಿಡಿ ಸಾರ್, ನಡೀತದೆ" ಅಂದ್ರು. ನನಗೆ ಅದು ಸಹಿಸೋಕಾಗ್ಲಿಲ್ಲ. ಅವರ ಹೆಸರು ಅವರ ಕೈಗೆ ಕೊಡ್ತಾ ಇದೀವಿ, ಅದನ್ನ ಹೀಗೆ ಮುರಿದು ಕೊಡೋದಾ?

ಇಲ್ಲಿ ಕಲ್ತಿದ್ದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಕನ್ನಡದಲ್ಲಿ ಚಿತ್ರ ಅಥವಾ ಪಿಡಿಎಫ್ ಮಾಡೋ ಎಲ್ರಿಗೂ ಇದು ಬೇಕಾಗತ್ತೆ. ಫಾಂಟ್ ಅಂದ್ರೆ ಅಕ್ಷರದ ಆಕಾರಗಳ ಒಂದು ಡಬ್ಬ ಅಷ್ಟೇ. ಕ, ಅದರ ಮುಂದೆ ವಿರಾಮ (ಅರ್ಧಾಕ್ಷರದ ಗುರುತು), ಅದರ ಮುಂದೆ ಷ ಅಂತ ಮೂರು ಕೋಡ್ ಬಂದಾಗ ಇದು ಕ್ಷ ಆಗ್ಬೇಕು ಅನ್ನೋ ನಿಯಮ ಫಾಂಟ್ ಒಳಗೇ ಬರೆದಿರತ್ತೆ, ಆದ್ರೆ ಅದನ್ನ ಓದಿ ಜೋಡ್ಸೋ ಕೆಲಸ ಬೇರೆಯವರದ್ದು, ಅದಕ್ಕೆ ಶೇಪಿಂಗ್ ಅಂತಾರೆ. ಹಾರ್ಫ್‌ಬಜ್ ಅನ್ನೋ ಲೈಬ್ರರಿ ಆ ಕೆಲಸ ಮಾಡತ್ತೆ. ಪಿಲ್ಲೋ ಅದನ್ನ ರಾಕ್ಮ್ ಅನ್ನೋ ಇನ್ನೊಂದು ಲೈಬ್ರರಿ ಮೂಲಕ ಕರೆಯತ್ತೆ. ಪಿಪ್‌ನಲ್ಲಿ ಸಿಗೋ ಪಿಲ್ಲೋ ಒಳಗೆ 8.2 ವರ್ಷನ್‌ನಿಂದ ರಾಕ್ಮ್ ಸೇರಿಸಿಯೇ ಕೊಡ್ತಾರೆ, ಆದ್ರೆ ಅದಕ್ಕೆ ಬೇಕಾದ ಫ್ರಿಬಿಡಿ ಅನ್ನೋ ಪುಟ್ಟ ಲೈಬ್ರರೀನ ಸೇರಿಸಿರಲ್ಲ, ಓಡೋ ಹೊತ್ತಲ್ಲಿ ಸಿಸ್ಟಮ್‌ನಲ್ಲಿ ಇದ್ರೆ ತಗೊಳತ್ತೆ. ಇಲ್ಲದಿದ್ರೆ? ಎರರ್ ಕೊಡಲ್ಲ. ಸುಮ್ನೆ ಹಳೇ ಸಾದಾ ವಿಧಾನಕ್ಕೆ ಇಳಿದುಬಿಡತ್ತೆ, ಅಕ್ಷರಾನ ಒಂದಾದ ಮೇಲೊಂದು ಸಾಲಾಗಿ ಇಡತ್ತೆ. ಇಂಗ್ಲಿಷಿಗೆ ಅದರಿಂದ ಏನೂ ವ್ಯತ್ಯಾಸ ಕಾಣಲ್ಲ, ಕನ್ನಡದ ಪ್ರತಿ ಒತ್ತಕ್ಷರಾನೂ ಒಡೆದುಹೋಗತ್ತೆ. ಫ್ರಿಬಿಡಿ ಇರೋದೇ ಅರೇಬಿಕ್, ಹೀಬ್ರೂ ತರ ಬಲದಿಂದ ಎಡಕ್ಕೆ ಬರೆಯೋ ಭಾಷೆಗೋಸ್ಕರ, ಅದಿಲ್ಲ ಅಂತ ಕನ್ನಡ ಮುರೀತು ಅಂದ್ರೆ ಯಾರಿಗೆ ತಾನೇ ಹೊಳೆಯತ್ತೆ. ನನಗೆ ಅದು ಹೊಳೆಯೋಕೆ ಎರಡು ಗಂಟೆ ಆಯ್ತು. ಪಿಲ್ಲೋನ ಫೀಚರ್ಸ್ ಮಾಡ್ಯೂಲ್‌ನಲ್ಲಿ ರಾಕ್ಮ್ ಇದೆಯಾ ಅಂತ ಕೇಳೋ ಒಂದು ಫಂಕ್ಷನ್ ಇದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಟ್ರೂ ಅಂತು, ಕಂಟೇನರ್‌ನಲ್ಲಿ ಫಾಲ್ಸ್ ಅಂತು, ಆಗ ಗೊತ್ತಾಯ್ತು. ಎಪಿಕೆ ಆಡ್ ಫ್ರಿಬಿಡಿ. ಲಕ್ಷ್ಮಮ್ಮ ಸರಿಯಾಗಿ ಬಂತು.

ಅವತ್ತೇ ಸಂಜೆ ಇನ್ನೊಂದು ಫೋನ್. "ಸಾರ್, ಈಗ ಐದೂ ಹತ್ತು. ಹಾಲು ಹಾಕಕ್ಕೆ ಬಂದವ್ರಿಗೆ ಆಗ್ಲೇ ಹಾಕವ್ರೆ ಅಂತ ತೋರುಸ್ತಾ ಐತೆ, ತಗಳ್ತಾ ಇಲ್ಲ."

ಇದು ಟೈಮ್ ಝೋನ್. ಡಾಕರ್‌ಫೈಲ್‌ನಲ್ಲಿ (ಇಮೇಜ್ ಹೇಗೆ ಕಟ್ಬೇಕು ಅಂತ ಬರೆದಿಡೋ ಫೈಲ್) ನಾನು ಟಿಜೆಡ್ ಅನ್ನೋ ವೇರಿಯಬಲ್‌ಗೆ ಏಷ್ಯಾ ಕೋಲ್ಕತಾ ಅಂತ ಕೊಟ್ಟಿದ್ದೆ, ಅಷ್ಟು ಸಾಕು ಅಂದ್ಕೊಂಡಿದ್ದೆ. ಆದ್ರೆ ಆ ಹೆಸರಿಗೆ ಎಷ್ಟು ಗಂಟೆ ಎಷ್ಟು ನಿಮಿಷ ಅನ್ನೋ ಮಾಹಿತಿ ಟಿಜೆಡ್‌ಡೇಟಾ ಅನ್ನೋ ಪ್ಯಾಕೇಜ್‌ನಲ್ಲಿ ಇರೋದು, ಅಲ್ಪೈನ್ ಬೇಸ್‌ನಲ್ಲಿ ಅದಿಲ್ಲ. ಇಲ್ಲ ಅಂತಾನೂ ಹೇಳಲ್ಲ, ಸುಮ್ನೆ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ) ಅಂತ ತಿಳ್ಕೊಂಡು ನಡೆಯತ್ತೆ. ನಮ್ಮ ಕೋಡ್‌ನಲ್ಲಿ ಹನ್ನೆರಡಕ್ಕಿಂತ ಮುಂಚೆ ಬಂದ್ರೆ ಬೆಳಗಿನ ಹಾಲು, ಆಮೇಲೆ ಬಂದ್ರೆ ಸಂಜೆ ಹಾಲು. ಸಂಜೆ ಐದೂ ಹತ್ತು ಅಂದ್ರೆ ಯುಟಿಸಿಯಲ್ಲಿ ಹನ್ನೊಂದೂ ನಲ್ವತ್ತು. ಬೆಳಿಗ್ಗೆ ಹಾಕಿದ್ದೋರು ಸಂಜೆ ಐದೂವರೆಗೆ ಮುಂಚೆ ಬಂದ್ರೆ ಪ್ರೋಗ್ರಾಮ್ ಪ್ರಕಾರ ಅವರು ಬೆಳಿಗ್ಗೇನೇ ಎರಡನೇ ಸಲ ಬಂದಂಗಾಯ್ತು. ಬೆಳಗಿನ ಚೀಟಿಗಳ ಮೇಲೂ ಟೈಮ್ ತಪ್ಪಾಗೇ ಬಿದ್ದಿತ್ತು, ಆರೂ ಐವತ್ತರ ಚೀಟಿ ಮೇಲೆ 01:20 ಅಂತ, ಆದ್ರೆ ಆ ಡಬ್ಬಿ ಅಕ್ಷರ, ಒತ್ತಕ್ಷರದ ಗಲಾಟೆಯಲ್ಲಿ ಅವರೂ ನೋಡ್ಲಿಲ್ಲ ನಾನೂ ನೋಡ್ಲಿಲ್ಲ. ಪುಣ್ಯಕ್ಕೆ ಆ ಊರಲ್ಲಿ ಬೆಳಿಗ್ಗೆ ಐದೂವರೆಗೆ ಮುಂಚೆ ಯಾರೂ ಹಾಲು ತರಲ್ಲ, ತಂದಿದ್ರೆ ಅದು ಹಿಂದಿನ ದಿನದ ಲೆಕ್ಕಕ್ಕೆ ಹೋಗಿರೋದು. ದುಡ್ಡಿನ ವಿಷಯ ಅದು.

ಟಿಜೆಡ್‌ಡೇಟಾ ಹಾಕಿದ್ರೆ ಮುಗೀತು. ಕೆಲವರು ಇನ್ನೂ ಜಾಗ ಉಳಿಸ್ಬೇಕು ಅಂತ ಅದನ್ನ ಹಾಕಿ, ಕೋಲ್ಕತಾದ ಒಂದೇ ಫೈಲ್ ಕಾಪಿ ಮಾಡ್ಕೊಂಡು ಪ್ಯಾಕೇಜ್ ತೆಗೆದುಬಿಡ್ತಾರೆ, ಮಾಡ್ಬೋದು, ಆದ್ರೆ ಪೈಥಾನ್‌ನ ಝೋನ್‌ಇನ್ಫೋ ಹೆಸರು ಕೊಟ್ಟು ಕೇಳಿದಾಗ ಸಿಗಲ್ಲ. ನಮ್ಮ ದೇಶಕ್ಕೆ ಇನ್ನೊಂದು ಸುಲಭ ದಾರಿ ಇದೆ, ಬೇಸಿಗೆಗೆ ಗಡಿಯಾರ ತಿರುಗಿಸೋ ಪದ್ಧತಿ ನಮ್ಮಲ್ಲಿ ಇಲ್ಲದಿರೋದ್ರಿಂದ ಐಎಸ್‌ಟಿ ಮೈನಸ್ 5:30 ಅಂತ ನೇರವಾಗಿ ಕೊಟ್ರೆ ಯಾವ ಪ್ಯಾಕೇಜೂ ಬೇಡ. ಪ್ಲಸ್ ಅಲ್ಲ, ಮೈನಸ್ಸೇ. ಆ ಬರವಣಿಗೆಯಲ್ಲಿ ಪೂರ್ವಕ್ಕಿರೋರಿಗೆ ಮೈನಸ್. ನಾನು ಇದನ್ನ ಬಳಸ್ಲಿಲ್ಲ, ಮುಂದೆ ಈ ಕೋಡ್ ನೋಡೋ ಹುಡುಗ್ರು ಇದು ತಪ್ಪು ಅಂದ್ಕೊಂಡು ಪ್ಲಸ್ ಮಾಡ್ತಾರೆ ಅಂತ ಭಯ.

ಮಾರನೇ ದಿನ ಬೆಳಿಗ್ಗೆ ಮತ್ತೆ ಡಬ್ಬಿ!

ರಾತ್ರಿ ಕರೆಂಟ್ ಹೋಗಿ ಬಂದಿತ್ತು. ಮೆಷಿನ್ ಎದ್ದಾಗ ಓಡೋ ನಮ್ಮ ಸ್ಕ್ರಿಪ್ಟ್ ಡಾಕರ್‌ನ ಕಂಪೋಸ್ ಡೌನ್, ಆಮೇಲೆ ಕಂಪೋಸ್ ಅಪ್ ಮಾಡತ್ತೆ. ಡೌನ್ ಅಂದ್ರೆ ಕಂಟೇನರ್ ನಿಲ್ಸೋದಷ್ಟೇ ಅಲ್ಲ, ಅಳಿಸಿಹಾಕೋದು. ಎಕ್ಸೆಕ್‌ನಲ್ಲಿ ಒಳಗೆ ಹೋಗಿ ಹಾಕಿದ ಫಾಂಟು, ಫ್ರಿಬಿಡಿ, ಟಿಜೆಡ್‌ಡೇಟಾ ಎಲ್ಲ ಇದ್ದಿದ್ದು ಆ ಕಂಟೇನರ್‌ನ ಮೇಲ್ಪದರದಲ್ಲಿ, ಇಮೇಜ್‌ನಲ್ಲಿ ಅಲ್ಲ. ರೀಸ್ಟಾರ್ಟ್ ಮಾಡಿದ್ರೆ ಆ ಪದರ ಉಳಿಯತ್ತೆ, ಅದಕ್ಕೇ ಹಿಂದಿನ ದಿನ ಎಲ್ಲ ಸರಿ ಕಂಡಿತ್ತು. ಅಳಿಸಿ ಮತ್ತೆ ಹುಟ್ಟಿಸಿದ್ರೆ ಇಮೇಜ್‌ನಲ್ಲಿ ಏನಿದೆಯೋ ಅಷ್ಟೇ. ಇದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ, ಸಂಜೆ ಇಮೇಜ್ ಕಟ್ತೀನಿ ಅಂದ್ಕೊಂಡು ಆಫೀಸಿನ ಕೆಲಸದಲ್ಲಿ ಮುಳುಗಿಬಿಟ್ಟೆ. ಅವತ್ತಿಂದ ಓಡ್ತಿರೋ ಕಂಟೇನರ್ ಒಳಗೆ ಏನೇ ಸೇರಿಸಿದ್ರೂ ಅದೇ ನಿಮಿಷದಲ್ಲಿ ಡಾಕರ್‌ಫೈಲ್‌ನಲ್ಲೂ ಆ ಸಾಲು ಬರೀತೀನಿ, ಆಮೇಲೆ ಅನ್ನೋ ಮಾತಿಲ್ಲ.

ಸರಿ, ಡಾಕರ್‌ಫೈಲ್‌ಗೆ ಹಾಕಿ ಇಮೇಜ್ ಕಟ್ಟಿ ಕಳ್ಸಿದ್ವಿ, ಅದು ನಿಂತ್ಕೊಳ್ತು. ಎರಡನೇ ಡೇರಿಗೆ ಹೋದಾಗ ಮಸಲ್ ವಿಷಯ ಬಂತು. ಅಲ್ಲಿಯ ಅನಲೈಸರ್ ಬೇರೆ ಕಂಪನಿಯದು, ಅದರಿಂದ ಲೆಕ್ಕ ಓದೋಕೆ ಅವರೇ ಕೊಟ್ಟಿರೋ ಒಂದು ಚಿಕ್ಕ ಲಿನಕ್ಸ್ ಬೈನರಿ ಇತ್ತು, ಸೋರ್ಸ್ ಕೊಡಲ್ಲ. ಅದನ್ನ ಇಮೇಜ್‌ಗೆ ಕಾಪಿ ಮಾಡಿ ಓಡಿಸಿದ್ರೆ ನಾಟ್ ಫೌಂಡ್ ಅಂತು. ಎಲ್ಎಸ್ ಮಾಡಿದ್ರೆ ಫೈಲ್ ಕಣ್ಣೆದುರಿಗೇ ಇದೆ. ಪರ್ಮಿಷನ್ ಸರಿ ಇದೆ. ಪೂರ್ತಿ ಪಾತ್ ಕೊಟ್ಟೆ, ನಾಟ್ ಫೌಂಡ್. ಕಣ್ಣೆದುರಿಗಿರೋದನ್ನ ಇಲ್ಲ ಅಂತಿದೆಯಲ್ಲ ಅಂತ ಒಂದು ಮಧ್ಯಾಹ್ನ ಪೂರ್ತಿ ಕೂತೆ. ಆ ಫೈಲನ್ನ ಲ್ಯಾಪ್‌ಟಾಪ್‌ಗೆ ತಂದು ಫೈಲ್ ಕಮಾಂಡ್ ಕೊಟ್ಟಾಗ ಗುಟ್ಟು ಸಿಕ್ತು. ಪ್ರತಿ ಡೈನಮಿಕ್ ಬೈನರಿಯ ಒಳಗೆ ನನ್ನನ್ನ ಎಬ್ಬಿಸೋಕೆ ಇಂಥಾ ಲೋಡರ್ ಬೇಕು ಅಂತ ಒಂದು ಪಾತ್ ಬರೆದಿರತ್ತೆ. ಇದು ಕೇಳ್ತಿದ್ದದ್ದು ಜಿಲಿಬ್‌ಸಿಯ ಲೋಡರ್, ಅಲ್ಪೈನ್‌ನಲ್ಲಿ ಇರೋದು ಮಸಲ್‌ನ ಲೋಡರ್. ನಾಟ್ ಫೌಂಡ್ ಅಂದಿದ್ದು ನಮ್ಮ ಫೈಲ್ ಬಗ್ಗೆ ಅಲ್ಲ, ಆ ಲೋಡರ್ ಬಗ್ಗೆ. ಜಿಕಂಪ್ಯಾಟ್ ಅಂತ ಒಂದು ಪ್ಯಾಕೇಜ್ ಇದೆ, ಮಸಲ್ ಮೇಲೆ ಜಿಲಿಬ್‌ಸಿಯ ಮುಖವಾಡ ಹಾಕತ್ತೆ, ಹಾಕಿದೆ, ಬೈನರಿ ಎದ್ದಿತು, ಆದ್ರೆ ಮೂರ್ನಾಲ್ಕು ಗಂಟೆಗೊಂದು ಸಲ ಬೀಳೋಕೆ ಶುರುವಾಯ್ತು. ಹಾಲಿನ ಸಾಲು ನಿಂತಿರೋವಾಗ ಬೀಳೋ ಪ್ರೋಗ್ರಾಮ್ ನಮಗೆ ಬೇಡ ಅಂತ ತೀರ್ಮಾನ ಮಾಡಿ ಅಲ್ಪೈನ್ ಬಿಟ್ವಿ, ಪೈಥಾನ್‌ನ ಸ್ಲಿಮ್ ಇಮೇಜ್‌ಗೆ ಹೋದ್ವಿ, ಅದು ಡೆಬಿಯನ್ ಮೇಲೆ ನಿಂತಿರೋದು. ಅಲ್ಪೈನ್ ಕೆಟ್ಟದ್ದು ಅಂತ ಅಲ್ಲ, ಎಲ್ಲಾ ನಾವೇ ಕಂಪೈಲ್ ಮಾಡ್ಕೊಳ್ಳೋ ಹಾಗಿದ್ರೆ ಅಥವಾ ಗೋ ಭಾಷೆಯ ಒಂದೇ ಬೈನರಿ ಆಗಿದ್ರೆ ನಾನು ಇವತ್ತಿಗೂ ಅದನ್ನೇ ತಗೊಳ್ತೀನಿ. ಬೇರೆಯವರು ಕಂಪೈಲ್ ಮಾಡಿ ಕೊಟ್ಟಿದ್ದು ಒಂದೇ ಒಂದು ಇದ್ರೂ ಡೆಬಿಯನ್ ಸ್ಲಿಮ್ ನೆಮ್ಮದಿ.

ಸ್ಲಿಮ್‌ನಲ್ಲಿ ಸೇರಿಸೋ ರೀತಿ ಬೇರೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕೋ ಆಪ್ಟ್‌ಗೆ ಒಂದು ಉದಾರ ಸ್ವಭಾವ ಇದೆ, ಒಂದು ಕೇಳಿದ್ರೆ ಅದರ ಜೊತೆ ಇದ್ರೆ ಚೆನ್ನಾಗಿರತ್ತೆ ಅಂತ ಪ್ಯಾಕೇಜ್ ಮಾಡಿದೋರು ಶಿಫಾರಸು ಮಾಡಿದ್ದನ್ನೆಲ್ಲ ಎಳ್ಕೊಂಡು ಬರತ್ತೆ. ನೋಟೋದ ದೊಡ್ಡ ಮೆಟಾ ಪ್ಯಾಕೇಜ್ ಕೇಳಿದ್ರೆ ಚೈನೀಸ್, ಜಪಾನೀಸ್, ಕೊರಿಯನ್, ಎಮೋಜಿ ಎಲ್ಲ ಬಂದು ಕೂರತ್ತೆ. ನೋ ಇನ್‌ಸ್ಟಾಲ್ ರೆಕಮೆಂಡ್ಸ್ ಅನ್ನೋ ಆಪ್ಷನ್ ಕೊಡ್ಲೇಬೇಕು. ಕನ್ನಡಕ್ಕೆ ಡೆಬಿಯನ್‌ನಲ್ಲಿ ಲೋಹಿತ್ ಕನ್ನಡ ಇದೆ, ರೆಡ್ ಹ್ಯಾಟ್‌ನವರು ಮಾಡಿಸಿದ ಲೋಹಿತ್ ಸರಣಿಯದು, ಲೋಹಿತ ಅಂದ್ರೆ ಕೆಂಪು ಅಂತಾನೇ ಆ ಹೆಸರು. ಚಿಕ್ಕ ಪ್ಯಾಕೇಜು, ಥರ್ಮಲ್ ಪೇಪರ್ ಮೇಲೆ ಗೆರೆ ದಪ್ಪಗೆ ಸ್ಪಷ್ಟವಾಗಿ ಬೀಳತ್ತೆ. ಗುಬ್ಬಿ, ನವಿಲು ಅಂತ ಹೆಸರಿರೋ ಇನ್ನೆರಡು ಕನ್ನಡ ಫಾಂಟೂ ಅದೇ ರೆಪೋದಲ್ಲಿದಾವೆ. ಪ್ರಪಂಚದಲ್ಲಿ ಎಲ್ಲಿ ಡೆಬಿಯನ್ ಇದ್ರೂ ಒಂದು ಆಪ್ಟ್ ಸಾಲಿಗೆ ಗುಬ್ಬಿ ಬರತ್ತೆ ಅನ್ನೋದು ನನಗೆ ತುಂಬಾ ಸಂತೋಷದ ವಿಷಯ, ಅದನ್ನ ಮಾಡಿ ಅಲ್ಲಿಗೆ ತಲುಪಿಸಿದ ಕನ್ನಡದ ಹುಡುಗ್ರಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು.

ಲೇಯರ್ ಬಗ್ಗೆ ಒಂದು ಮಾತು, ನಮ್ಮ ಜೊತೆಗಿರೋ ಒಬ್ಬರಿಗೆ ಇದು ಅರ್ಥ ಆಗೋಕೆ ಹೊತ್ತು ಹಿಡೀತು. ಸೀರಿಯಲ್ ಪೋರ್ಟ್‌ನ ಒಂದು ಲೈಬ್ರರಿ ಕಂಪೈಲ್ ಮಾಡೋಕೆ ಜಿಸಿಸಿ ಅನ್ನೋ ಕಂಪೈಲರ್ ಬೇಕಿತ್ತು. ಅವರು ಡಾಕರ್‌ಫೈಲ್‌ನ ಒಂದು ರನ್ ಸಾಲಲ್ಲಿ ಜಿಸಿಸಿ ಹಾಕಿ, ಮುಂದಿನ ಸಾಲಲ್ಲಿ ಕಂಪೈಲ್ ಮಾಡಿ, ಅದರ ಮುಂದಿನ ಸಾಲಲ್ಲಿ ಜಿಸಿಸಿ ತೆಗೆದಿದ್ರು. ಇಮೇಜ್ ಸೈಜ್ ಒಂಚೂರೂ ಇಳೀಲಿಲ್ಲ. ಡೇರಿಯ ಲೆಕ್ಕದ ಪುಸ್ತಕ ನೆನಪು ಮಾಡ್ಕೊಳ್ಳಿ ಅಂದೆ. ನಿನ್ನೆ ಪುಟದಲ್ಲಿ ಬರೆದಿದ್ದನ್ನ ಹರಿಯೋ ಹಾಗಿಲ್ಲ, ಇವತ್ತಿನ ಪುಟದಲ್ಲಿ ಅದು ರದ್ದು ಅಂತ ಬರೀಬೋದು, ಪುಸ್ತಕ ಮಾತ್ರ ದಪ್ಪಾನೇ ಆಗ್ತಾ ಹೋಗತ್ತೆ. ಪ್ರತಿ ರನ್ ಒಂದು ಪುಟ. ಹಾಕೋದು, ಬಳಸೋದು, ತೆಗೆಯೋದು ಮೂರೂ ಒಂದೇ ರನ್‌ನಲ್ಲಿ ಆಗ್ಬೇಕು. ಆಪ್ಟ್ ಅಪ್‌ಡೇಟ್ ಮಾಡಿದಾಗ ಬರೋ ಪಟ್ಟಿಗಳನ್ನ ಅಳಿಸೋದೂ ಅದೇ ಸಾಲಿನ ಕೊನೇಲಿ ಇರ್ಬೇಕು. ಅಪ್‌ಡೇಟನ್ನ ಬೇರೆ ರನ್ ಮಾಡಿದ್ರೆ ಇನ್ನೊಂದು ಕಾಟ, ಅದು ಕ್ಯಾಶ್‌ನಲ್ಲಿ ಕೂತ್ಬಿಡತ್ತೆ, ಮೂರು ತಿಂಗಳಾದ್ಮೇಲೆ ಹೊಸ ಪ್ಯಾಕೇಜ್ ಸೇರಿಸಿದ್ರೆ ಹಳೇ ಪಟ್ಟಿ ಹಿಡ್ಕೊಂಡು ಈಗ ಇಲ್ಲದ ವರ್ಷನ್ ಹುಡುಕಿ 404 ಅನ್ನತ್ತೆ. ಇನ್ನೂ ಚೆನ್ನಾಗಿರೋ ದಾರಿ ಮಲ್ಟಿ ಸ್ಟೇಜ್, 2017ರಲ್ಲಿ ಡಾಕರ್ 17.05 ಜೊತೆ ಬಂದಿದ್ದು. ಮೊದಲ ಸ್ಟೇಜ್‌ನಲ್ಲಿ ಜಿಸಿಸಿ ಗಿಸಿಸಿ ಏನ್ ಬೇಕಾದ್ರೂ ಹಾಕಿ ಕಟ್ಟೋದು, ಎರಡನೇ ಸ್ಟೇಜ್‌ಗೆ ತಯಾರಾದ ಫೈಲ್ ಮಾತ್ರ ಕಾಪಿ ಮಾಡೋದು. ಅಡುಗೆ ಮನೇಲಿ ಎಷ್ಟು ಪಾತ್ರೆ ಆದ್ರೂ ಎಲೆ ಮೇಲೆ ಬರೋದು ಊಟ ಮಾತ್ರ. ನಾವೀಗ ಅದನ್ನೇ ಮಾಡ್ತಿರೋದು.

ಇನ್ನು ಡೀಬಗ್ ಮಾಡೋ ಟೂಲ್‌ಗಳ ವಿಷಯ, ಇದರಲ್ಲಿ ನನ್ನ ಅಭಿಪ್ರಾಯ ಈ ಆರು ತಿಂಗಳಲ್ಲಿ ಪೂರ್ತಿ ಬದಲಾಯ್ತು. ಮೊದಮೊದಲು ಪ್ರತಿ ಸಲ ಏನಾದ್ರೂ ಇಲ್ಲ ಅಂದಾಗ ಸೇರಿಸ್ತಾ ಹೋದೆ. ಬ್ಯಾಶ್, ಕರ್ಲ್, ವಿಮ್, ಪಿಎಸ್‌ಗೋಸ್ಕರ ಪ್ರೋಕ್‌ಪಿಎಸ್, ಟಿಸಿಪಿಡಂಪ್. ಒಂದು ಬೆಳಿಗ್ಗೆ ಮೂರನೇ ಡೇರಿಯಿಂದ ಲೆಕ್ಕ ಸರ್ವರ್‌ಗೆ ಹೋಗೋದು ನಿಂತುಹೋಯ್ತು, ಸರ್ವರ್ 401, ಅಂದ್ರೆ ನಿಮ್ಮ ಗುರುತು ಒಪ್ಪಲ್ಲ, ಅಂತಿತ್ತು. ನೆಟ್‌ವರ್ಕ್ ಇರ್ಬೇಕು ಅಂತ ಕರ್ಲ್ ಹಾಕಿ ನೋಡ್ದೆ, ಓಪನ್ ಎಸ್‌ಎಸ್‌ಎಲ್ ಹಾಕಿ ಸರ್ಟಿಫಿಕೇಟ್ ನೋಡ್ದೆ, ಡಿಗ್ ಹಾಕಿ ಡಿಎನ್‌ಎಸ್ ನೋಡ್ದೆ, ಪ್ಯಾಕೆಟ್ ಕೂಡ ಹಿಡಿದೆ. ಎಲ್ಲ ಸರಿ. ಕೊನೆಗೆ ಸುಮ್ನೆ ಡೇಟ್ ಅಂತ ಹೊಡೆದೆ. ಗಡಿಯಾರ ಹನ್ನೊಂದು ನಿಮಿಷ ಹಿಂದೆ ಇತ್ತು. ನಾವು ಕಳ್ಸೋ ಪ್ರತಿ ಮನವಿ ಜೊತೆ ಸಮಯ ಸೇರಿಸಿ ಸಹಿ ಮಾಡ್ತೀವಿ, ಐದು ನಿಮಿಷಕ್ಕಿಂತ ಹಳೇದಾದ್ರೆ ಸರ್ವರ್ ತಗೊಳಲ್ಲ. ಕಂಟೇನರ್‌ಗೆ ಅದರದ್ದೇ ಗಡಿಯಾರ ಅಂತ ಇಲ್ಲ, ಹೊರಗಿನ ಮೆಷಿನ್‌ನದ್ದೇ ಇದಕ್ಕೂ, ಆ ಮೆಷಿನ್‌ನಲ್ಲಿ ಟೈಮ್ ಸಿಂಕ್ ಯಾವಾಗಲೋ ಆಫ್ ಆಗಿತ್ತು. ನಾಲ್ಕು ಟೂಲ್ ಇಳಿಸ್ಕೊಂಡು ಹುಡುಕಿದ್ದಕ್ಕೆ ಉತ್ತರ ಕೊಟ್ಟಿದ್ದು ಮೊದಲಿಂದ ಅಲ್ಲೇ ಇದ್ದ ಡೇಟ್.

ಆಮೇಲೆ ನಾನು ಇಮೇಜಿಂದ ಆ ಟೂಲ್‌ಗಳನ್ನೆಲ್ಲ ತೆಗೆದುಹಾಕ್ದೆ. ಬೇಕಾದಾಗ ಪಕ್ಕದಲ್ಲಿ ಇನ್ನೊಂದು ಕಂಟೇನರ್ ಎಬ್ಬಿಸ್ತೀನಿ, ನೆಟ್‌ಶೂಟ್ ಅಂತ ಒಂದು ಸಿದ್ಧ ಇಮೇಜ್ ಇದೆ, ನೆಟ್‌ವರ್ಕ್ ಟೂಲ್ ಎಲ್ಲ ತುಂಬಿರತ್ತೆ. ಡಾಕರ್ ರನ್‌ಗೆ ನೆಟ್‌ವರ್ಕ್ ಅನ್ನೋ ಕಡೆ ಕಂಟೇನರ್ ಅಂತ ಹಾಕಿ ನಮ್ಮ ಕಂಟೇನರ್ ಹೆಸರು ಕೊಟ್ರೆ ಅದೇ ಐಪಿ, ಅದೇ ಪೋರ್ಟ್, ಅದೇ ಲೋಕಲ್‌ಹೋಸ್ಟ್ ಕಾಣತ್ತೆ, ನೋಡಿ ಮುಗಿದ್ಮೇಲೆ ಅಳಿಸಿಬಿಡೋದು. ಆ ಇಮೇಜ್ ದೊಡ್ಡದು, ಆದ್ರೆ ಒಂದು ಸಲ ಮೆಷಿನ್‌ನಲ್ಲಿ ಇಳಿಸಿಟ್ರೆ ಸಾಕು, ನಮ್ಮ ಪ್ರತಿ ಅಪ್‌ಡೇಟ್ ಜೊತೆ ಹೋಗ್ಬೇಕಾಗಿಲ್ಲ. ಆಫೀಸಿನಲ್ಲಿ ತುಂಬಾ ಮೆಷಿನ್‌ಗಳಲ್ಲಿ ಕಂಟೇನರ್‌ಗಳನ್ನ ನಡೆಸೋ ಕುಬರ್ನೆಟೀಸ್, ಅಲ್ಲಿ ಡಿಸ್ಟ್ರೋಲೆಸ್ ಇಮೇಜ್, ಅದರಲ್ಲಿ ಶೆಲ್ಲೇ ಇಲ್ಲ, ಎಕ್ಸೆಕ್ ಮಾಡಿ ಒಳಗೆ ಹೋಗೋ ಮಾತೇ ಇಲ್ಲ. ಅಲ್ಲಿ ಕ್ಯೂಬ್‌ಸಿಟಿಎಲ್ ಡೀಬಗ್, 2022ರಲ್ಲಿ 1.25 ವರ್ಷನ್‌ನಿಂದ ಅದರ ಎಫೆಮೆರಲ್ ಕಂಟೇನರ್ (ಡೀಬಗ್‌ಗೆ ಅಂತ ತಾತ್ಕಾಲಿಕವಾಗಿ ಪಕ್ಕದಲ್ಲಿ ಸೇರಿಸೋದು) ಸ್ಟೇಬಲ್ ಆಗಿದೆ. ಟಾರ್ಗೆಟ್ ಅಂತ ಕಂಟೇನರ್ ಹೆಸರು ಕೊಟ್ರೆ ಅದರ ಪ್ರೋಸೆಸ್‌ಗಳು ಕಾಣ್ತವೆ, ಪರ್ಮಿಷನ್ ಇದ್ರೆ ಪ್ರೋಕ್ ಒಳಗೆ 1ರ ರೂಟ್ ಅಂತ ಹೋದ್ರೆ ಅದರ ಫೈಲ್‌ಗಳೂ ಸಿಗ್ತವೆ. ಇದು ಗೊತ್ತಾದ್ಮೇಲೆ ಇಮೇಜ್ ಒಳಗೆ ಕರ್ಲ್ ಇಟ್ಕೊಳ್ಳೋಕೆ ನನಗೆ ಕಾರಣ ಸಿಗ್ಲಿಲ್ಲ, ಅದೂ ಅಲ್ದೆ ಯಾರಾದ್ರೂ ಒಳಗೆ ನುಗ್ಗಿದ್ರೆ ಅವರ ಕೈಗೂ ಅದೇ ಕರ್ಲ್ ಸಿಗತ್ತಲ್ಲ.

ಹಾಗಾಗಿ ಈಗ ನನ್ನ ಲೆಕ್ಕ ಇಷ್ಟೇ. ನನಗೆ ಬೇಕಾದ್ದು ಹೊರಗೆ. ಚೀಟಿ ತಗೊಳ್ಳೋರಿಗೆ ಬೇಕಾದ್ದು ಒಳಗೆ. ಮಿನಿಮಲ್ ಅಂತ ಬೇಸ್ ಇಮೇಜ್ ಮಾಡೋರು ಫಾಂಟ್ ಬೇಡ, ಟೈಮ್ ಝೋನ್ ಬೇಡ, ಶೇಪಿಂಗ್ ಬೇಡ ಅಂತ ತೆಗೀತಾರಲ್ಲ, ಅವರದು ತಪ್ಪಿಲ್ಲ, ಅವರ ಕಣ್ಣ ಮುಂದೆ ಇರೋದು ಯುಟಿಸಿಯಲ್ಲಿ ಓಡೋ, ಇಂಗ್ಲಿಷಲ್ಲಿ ಲಾಗ್ ಬರೆಯೋ ಸರ್ವರ್. ನಮ್ಮ ಪ್ರೋಗ್ರಾಮ್‌ನ ಕೊನೇ ತುದೀಲಿ ಇರೋದು ಬೆಳಿಗ್ಗೆ ಆರು ಗಂಟೆಗೆ ಕ್ಯಾನ್ ಹಿಡ್ಕೊಂಡು ನಿಂತಿರೋರು, ಅವರಿಗೆ ಒತ್ತಕ್ಷರ ಎಕ್ಸ್‌ಟ್ರಾ ಅಲ್ಲ. ಕನ್ನಡದಲ್ಲಿ ಏನೇ ಮಾಡೋರು ದಯವಿಟ್ಟು ಇಮೇಜ್ ಚಿಕ್ಕದು ಮಾಡೋ ದಿನ ಈ ಮೂರನ್ನ ಮೊದಲೇ ಸೇರಿಸ್ಕೊಳ್ಳಿ, ಫಾಂಟು, ಫ್ರಿಬಿಡಿ ಅಥವಾ ನಿಮ್ಮ ಲೈಬ್ರರಿ ಶೇಪಿಂಗ್‌ಗೆ ಕೇಳೋದು ಏನಿದೆಯೋ ಅದು, ಆಮೇಲೆ ಟಿಜೆಡ್‌ಡೇಟಾ. ನಮ್ಮ ಇಮೇಜ್ ಈಗ ಎಲ್ಲಾ ಸೇರಿ 190 ಎಂಬಿ ಚಿಲ್ಲರೆ ಇದೆ. ಅಲ್ಪೈನ್‌ನಲ್ಲಿ ಇದ್ದಾಗ ಇನ್ನೂ ಕಮ್ಮಿ ಇತ್ತು, ಆದ್ರೂ ಪರವಾಗಿಲ್ಲ, ಬೇಸ್ ಲೇಯರ್ ಒಂದು ಸಲ ಇಳಿದಿದ್ರೆ ಆಮೇಲೆ ಅಪ್‌ಡೇಟ್‌ಗೆ ಹೋಗೋದು ನಮ್ಮ ಕೋಡ್‌ನ ಚಿಕ್ಕ ಲೇಯರ್ ಮಾತ್ರ, ಡಾಂಗಲ್‌ನಲ್ಲೂ ಎರಡು ನಿಮಿಷ.

ಇನ್ನೆರಡು ಬದಲಾವಣೆ ಮಾಡಿದೀನಿ. ಡೀಫಾಲ್ಟ್ ಫಾಂಟ್‌ಗೆ ಇಳಿಯೋ ಆ ಕೋಡ್ ತೆಗೆದೆ, ಫಾಂಟ್ ಸಿಗದಿದ್ರೆ ಪ್ರೋಗ್ರಾಮ್ ಏಳೋದೇ ಇಲ್ಲ, ಜೋರಾಗಿ ಹೇಳತ್ತೆ. ಇಮೇಜ್ ಕಟ್ಟೋವಾಗ್ಲೇ ಕೊನೇ ಸಾಲಲ್ಲಿ ಒಂದು ಚಿಕ್ಕ ಪರೀಕ್ಷೆ ಓಡತ್ತೆ, ರಾಕ್ಮ್ ಇದೆಯಾ, ಫಾಂಟ್ ತೆರೆಯತ್ತಾ, ಕೋಲ್ಕತಾಗೂ ಯುಟಿಸಿಗೂ ಐದೂವರೆ ಗಂಟೆ ವ್ಯತ್ಯಾಸ ಬರತ್ತಾ ಅಂತ, ಯಾವ್ದು ಇಲ್ಲದಿದ್ರೂ ಇಮೇಜ್ ಹುಟ್ಟೋದೇ ಇಲ್ಲ. ಅದರ ಜೊತೆ ಲಕ್ಷ್ಮಮ್ಮ ಅಂತ ಒಂದು ಮಾದರಿ ಚೀಟಿ ಬರೆದು ಚಿತ್ರ ಹೊರಗೆ ಕೊಡತ್ತೆ, ಕಳ್ಸೋ ಮುಂಚೆ ನಮ್ಮಲ್ಲಿ ಒಬ್ಬರು ಅದನ್ನ ಕಣ್ಣಾರೆ ನೋಡ್ಬೇಕು. ಮತ್ತೆ ಡಾಕರ್‌ಫೈಲ್‌ನಲ್ಲಿ ಪ್ರತಿ ಪ್ಯಾಕೇಜ್ ಮೇಲೆ ಒಂದು ಸಾಲು ಕಾಮೆಂಟು, ಕನ್ನಡದಲ್ಲೇ. ಹೋದ ವಾರ ಹೊಸದಾಗಿ ಸೇರಿದ ಹುಡುಗಿ ಒಬ್ಬಳು "ಅಣ್ಣಾ, ಈ ಫ್ರಿಬಿಡಿ ಅರೇಬಿಕ್‌ಗೆ ಅಲ್ವಾ, ನಮಗ್ಯಾಕೆ, ತೆಗೀಲಾ?" ಅಂತ ಕೇಳಿದ್ಲು. ಅದರ ಮೇಲಿನ ಸಾಲು ಓದಮ್ಮ ಅಂದೆ. "ಇದಿಲ್ದಿದ್ರೆ ಒತ್ತಕ್ಷರ ಒಡೆಯತ್ತೆ, ಎರರ್ ಬರಲ್ಲ, ತೆಗೀಬೇಡಿ" ಅಂತ ಇತ್ತು. ಅವಳು ತೆಗೆದು ಇಮೇಜ್ ಕಟ್ಟಿ, ಪರೀಕ್ಷೆ ಕೆಂಪಗೆ ಬಿದ್ದಿದ್ದು ನೋಡಿ, ವಾಪಸ್ ಹಾಕಿದ್ಲು.